ಪೋರ್ಚುಗೀಸ್ ಜನರಲ್ಲರನ್ನು ಊರೂರಲ್ಲಿ ಸೋಲಿಸುವುದರ ನಿಯಂತ್ರಣ

ಗತವೈಭವ ಇಲಾಖೆ
ಸುತ್ತೋಲೆ ಸಂಖ್ಯೆ: ಗವೈಇ/ಸೋಲು/04/2024-25
ದಿನಾಂಕ: 18-11-2024

ವಿಷಯ: ಜನರಲ್ ಹಾಗೂ ಗವರ್ನರ್ ದೋಂ ಬೆಂತೊ ಫಿಗೇರ ಅವರ ವೃತ್ತಿಜೀವನಕ್ಕೆ ಅನಧಿಕೃತ ಸೋಲುಗಳನ್ನು ಸೇರಿಸಿರುವ ಬಗ್ಗೆ.

ಉಲ್ಲೇಖ: 1) ಮೇಲುಕೋಟೆಯ ಶ್ರೀ ನರಸಯ್ಯನವರ ದೂರು. 2) ಶ್ರೀ ವಜೀರ್ ಪಾಷಾ ಅವರ ಸಮಜಾಯಿಷಿ.

ಶ್ರೀರಂಗಪಟ್ಟಣದ ಇಲಾಖಾ ಚಿತ್ರಶಾಲೆಯಲ್ಲಿ ಸದರಿ ಜನರಲ್ಲರ ಭಾವಚಿತ್ರದ ಮುಂದೆ ಇಪ್ಪತ್ತೆರಡು ವರ್ಷಗಳಿಂದ ಗೈಡ್ ಆಗಿರುವ ಶ್ರೀ ವಜೀರ್ ಪಾಷಾ ಅವರು, ಪ್ರವಾಸಿಗರ ಊರು ಯಾವುದೆಂದು ಮೊದಲು ಕೇಳಿಕೊಂಡು, ಜನರಲ್ಲರನ್ನು ಅದೇ ಊರಿನಲ್ಲಿ ಸೋಲಿಸುತ್ತಿರುವುದು ಗಮನಕ್ಕೆ ಬಂದಿರುತ್ತದೆ. ಇದರಿಂದಾಗಿ ಜನರಲ್ಲರು ಒಂದೇ ದಿನ ಪಾಂಡವಪುರದಲ್ಲಿ ಕಬ್ಬಿನ ಗದ್ದೆ ಹೊಕ್ಕು, ಕೆ.ಆರ್. ಪೇಟೆಯಲ್ಲಿ ಟೋಪಿ ಬಿಟ್ಟು, ಚಿನಕುರಳಿಯಲ್ಲಿ ಕಲ್ಲೇಟು ತಿಂದು ಓಡಿರುತ್ತಾರೆ. ತಮ್ಮೂರಿಗೆ ಒಂದು ಸೋಲೂ ಸಿಕ್ಕಿಲ್ಲವೆಂಬುದು ಉಲ್ಲೇಖ (1)ರ ದೂರು.

ಉಲ್ಲೇಖ (2)ನ್ನು ಯಥಾವತ್ತಾಗಿ ನಮೂದಿಸಿದೆ: “ಆ ವಯ್ಯ ಈ ಕಡೀಕೆ ಕಾಲೇ ಇಕ್ಕಿಲ್ಲ ಸಾ, ನಂಗೂ ಗೊತ್ತು. ಅಂಗಂದ್ರೆ ಒಬ್ರೂ ನಿಂತ್ಕಳಾಕಿಲ್ಲ. ನಿಮ್ಮೂರಲ್ಲೇ ಸೋತ ಅಂದ್ರೆ ಮುದುಕೀರೂ ಚಪ್ಪಾಳೆ ತಟ್ತಾರೆ. ಖುದಾ ಕಸಮ್, ಬದ್ಕಿದ್ದಾಗ ಅವ್ನು ಎಲ್ಲೂ ಸೋಲ್ನಿಲ್ಲ, ಅದೇ ನಂಗೆ ಹೊಟ್ಟೆಯುರಿ. ಬಿಲ್ಲೆ ಮಾತ್ರ ಕಿತ್ಕಬ್ಯಾಡಿ ಸಾ. ಅದಿಲ್ದಿದ್ರೆ ನಾನ್ಯಾರು?”

ಕೂಲಂಕಷ ಪರಿಶೀಲನೆಯ ನಂತರ ಈ ಮೂಲಕ ಸೂಚಿಸುವುದೇನೆಂದರೆ:

1. ಜನರಲ್ಲರು ಮೂವತ್ತೊಂಬತ್ತು ವರ್ಷ ಮೊಜಾಂಬಿಕ್ ಮತ್ತು ಗೋವಾಗಳಲ್ಲಿ ಆಳಿ, ಹಾಸಿಗೆಯಲ್ಲೇ ತೀರಿಕೊಂಡಿರುವುದು ದೃಢಪಟ್ಟಿರುತ್ತದೆ. ಅವರು ಸುಟ್ಟ ಹಳ್ಳಿಗಳಲ್ಲಿ ದೂರು ಕೊಡಲು ಯಾರೂ ಉಳಿದಿಲ್ಲವಾದ್ದರಿಂದ, ದೂರುಗಳಿಲ್ಲವೆಂದು ದಾಖಲಿಸಲಾಗಿದೆ.

2. ಪೂರ್ವಾನುಮತಿ ಇಲ್ಲದೆ ಜನರಲ್ಲರನ್ನು ಸೋಲಿಸತಕ್ಕದ್ದಲ್ಲ.

3. ಸೋಲು ಬಯಸುವ ಗ್ರಾಮಸ್ಥರು, ತಮ್ಮೂರಿನಲ್ಲಿ ಜನರಲ್ಲರು ಓಡಿಹೋಗಲು ಸಾಕಷ್ಟು ಜಾಗವಿದೆಯೆಂದು ಗ್ರಾಮ ಆಡಳಿತಾಧಿಕಾರಿಗಳಿಂದ ದೃಢೀಕರಣ ಪಡೆದು ಅರ್ಜಿಗೆ ಲಗತ್ತಿಸತಕ್ಕದ್ದು.

4. ಒಂದು ತಾಲ್ಲೂಕಿನಲ್ಲಿ ಸೋತ ಜನರಲ್ಲರು ಅಲ್ಲಿಂದ ಬಿಡುಗಡೆ ಆದೇಶ ಪಡೆಯದೆ ಮತ್ತೊಂದು ತಾಲ್ಲೂಕಿನಲ್ಲಿ ಸೋಲುವಂತಿಲ್ಲ. ಎರಡನೇ ಶನಿವಾರ ಸೋಲಿಗೆ ರಜೆ.

5. ಶ್ರೀ ವಜೀರ್ ಪಾಷಾ ಅವರ ಗೈಡ್ ಬಿಲ್ಲೆಯನ್ನು ವಶಕ್ಕೆ ಪಡೆದು ಒಂಬತ್ತು ದಿನಗಳಾಗಿವೆ. ಅಂದಿನಿಂದ ಚಿತ್ರಶಾಲೆಯೊಳಗೆ ಯಾರೂ ಬಾರದೆ ಸಂಪೂರ್ಣ ಶಿಸ್ತು ನೆಲೆಸಿರುವುದಕ್ಕೆ ಇಲಾಖೆ ಹರ್ಷಿಸುತ್ತದೆ.

(ಸಹಿ/-)
ತಿಮ್ಮರಾಜು
ಉಪನಿರ್ದೇಶಕರು (ಸೋಲು-ಗೆಲುವು)

ಪ್ರತಿಗಳು:
1. ಶ್ರೀ ನರಸಯ್ಯ, ಮೇಲುಕೋಟೆ: ತಮ್ಮ ಸೋಲು ಪರಿಶೀಲನೆಯಲ್ಲಿದೆ.
2. ದೋಂ ಬೆಂತೊ ಫಿಗೇರ: ಭಾವಚಿತ್ರದ ಹಿಂಬದಿಗೆ ಅಂಟಿಸಲು.
3. ಶ್ರೀ ವಜೀರ್ ಪಾಷಾ: ಭಾನುವಾರ ಉಪನಿರ್ದೇಶಕರ ಅತ್ತೆ-ಮಾವಂದಿರು ನಾಗಮಂಗಲದಿಂದ ಆಗಮಿಸುತ್ತಿರುವುದರಿಂದ, ಅಂದು ಒಂದು ದಿನದ ಮಟ್ಟಿಗೆ ಬಿಲ್ಲೆಯನ್ನು ಹಿಂದಿರುಗಿಸಿದೆ. ಜನರಲ್ಲರು ಅಂದು ಕಡ್ಡಾಯವಾಗಿ ಸೋಲತಕ್ಕದ್ದು.