ಸೋಮವಾರದ ಪುಟವಿಲ್ಲದ ಹೀಟರ್ ಪುಸ್ತಕ

ಚಚಡಿ, ತಾಲೂಕು ಸವದತ್ತಿ
೨೦ ಜನವರಿ ೨೦೦೩, ಸೋಮವಾರ

ಗಾಡಿಯ ಹೀಟರ್ ಬಳಸುವ ಪುಸ್ತಕವನ್ನು ಬರೆದ ಮಹನೀಯರಿಗೆ
(ಹೆಸರು ಪುಸ್ತಕದಲ್ಲಿಲ್ಲ, ವಿಳಾಸ ನನಗೆ ಗೊತ್ತಿಲ್ಲ; ಆದಕಾರಣ ಬಹಿರಂಗವಾಗಿ)

ಮಾನ್ಯರೇ,

ತಾವು ಯಾವ ದೇಶದಲ್ಲಿದ್ದರೂ, ಅಲ್ಲಿ ಎಷ್ಟೇ ಹಿಮ ಬಿದ್ದಿದ್ದರೂ, ತಮಗೂ ತಮ್ಮ ತಾಯಿಯವರಿಗೂ ಕ್ಷೇಮವಿರಲಿ ಎಂದು ಹಾರೈಸಿ ಬೇಡಿಕೊಳ್ಳುವ ಬಿನ್ನಹಗಳು. ಇತ್ತ ನಾವೂ ಕ್ಷೇಮ ಎಂದು ಬರೆಯುವುದು ವಾಡಿಕೆಯಾದರೂ ಆ ಮಾತು ನಮ್ಮ ಮನೆಯಲ್ಲಿ ವಾರಕ್ಕೆ ಆರು ದಿನ ಮಾತ್ರ ನಿಜವಾಗಿರುವುದರಿಂದ ಈ ಪತ್ರ ಬರೆಯಬೇಕಾಗಿ ಬಂತು.

ನಾನು ಬಾಳೇಶ, ಮಿಲಿಟರಿಯಲ್ಲಿ ಹದಿನೇಳು ವರ್ಷ ಗಾಡಿ ಹೊಡೆದು ನಿವೃತ್ತನಾಗಿ ಊರಿಗೆ ಬಂದವನು. ಹರಾಜಿನಲ್ಲಿ ಒಂದು ಹಳೆಯ ಅಂಬುಲೆನ್ಸ್ ಕೊಂಡು, ಸಂತೆಗೆ ಬದನೆಕಾಯಿಯನ್ನೂ ಅಡಚಣೆ ಬಂದಾಗ ರೋಗಿಗಳನ್ನೂ ಅದರಲ್ಲೇ ಒಯ್ಯುತ್ತೇನೆ. ಆ ಗಾಡಿಯಲ್ಲಿ ತಮ್ಮ ಹೀಟರ್ ಇದೆ. ಇಂಜಿನ್ ಬಂದ್ ಆಗಿದ್ದರೂ ಅದು ತಾನೇ ಒಂದಿಷ್ಟು ಡೀಸೆಲ್ ಸುಟ್ಟು, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸಿ, ಬ್ಯಾಟರಿಯಿಂದ ತಿರುಗುವ ಫ್ಯಾನಿನ ಮೂಲಕ ಒಳಗೆ ಬಿಸಿಗಾಳಿ ಬಿಡುತ್ತದೆ. ನಮ್ಮವ್ವ ಬಾಯವ್ವನಿಗೆ ದಮ್ಮಿನ ರೋಗ. ಒಲೆಯ ಮುಂದೆ ಮಲಗಿಸಿದರೆ ಹೊಗೆಗೆ ದಮ್ಮು, ಪಡಸಾಲೆಯಲ್ಲಿ ಮಲಗಿಸಿದರೆ ಚಳಿಗೆ ದಮ್ಮು. ಕರೆಂಟಿನ ಮಾತು ನಮ್ಮ ಕಡೆ ಯಾರೂ ಆಡುವುದಿಲ್ಲ. ಹೋದ ಡಿಸೆಂಬರಿನಲ್ಲಿ ಅವಳನ್ನು ಗಾಡಿಯ ಸ್ಟ್ರೆಚರಿನ ಮೇಲೆ ಮಲಗಿಸಿ ತಮ್ಮ ಹೀಟರ್ ಹಚ್ಚಿದ ದಿನ ಅವಳು ಬೆಳತನಕ ಒಮ್ಮೆಯೂ ಕೆಮ್ಮಲಿಲ್ಲ. ನಾನೇ ಹೆದರಿ ಮೂರು ಸಲ ಎದ್ದು ಮೂಗಿನ ಮುಂದೆ ಕೈ ಹಿಡಿದು ನೋಡಿದೆ. ಅದಕ್ಕಾಗಿ ತಮಗೆ ಸಾಷ್ಟಾಂಗ ನಮಸ್ಕಾರ.

ತಮ್ಮ ಪುಸ್ತಕದ ವಿದ್ವತ್ತನ್ನು ಎಷ್ಟು ಹೊಗಳಿದರೂ ಸಾಲದು. ಶೂನ್ಯಕ್ಕಿಂತ ನಲವತ್ತು ಡಿಗ್ರಿ ಕೆಳಗೆ ಹೀಟರ್ ಹೇಗೆ ಹಚ್ಚಬೇಕು, ಪರ್ವತದ ಮೇಲೆ ಗಾಳಿ ತೆಳುವಾದರೆ ಏನು ಮಾಡಬೇಕು, ಎಲ್ಲವನ್ನೂ ಚಿತ್ರ ಸಮೇತ ತಿಳಿಸಿದ್ದೀರಿ. ಹತ್ತೊಂಬತ್ತನೆಯ ಪುಟದಲ್ಲಿ, ರಾತ್ರಿಯಿಡೀ ಹೀಟರ್ ನಡೆಸಿದರೆ ಬೆಳಿಗ್ಗೆ ತಪ್ಪದೆ ಇಂಜಿನ್ ಚಾಲೂ ಮಾಡಿ ಬ್ಯಾಟರಿಗಳನ್ನು ತುಂಬಿಸಿರಿ ಎಂದು ದಪ್ಪಕ್ಷರದಲ್ಲಿ ಅಪ್ಪಣೆ ಕೊಡಿಸಿದ್ದೀರಿ. ಆದರೆ ಮಾನ್ಯರೇ, ಆ ಬೆಳಿಗ್ಗೆ ಸೋಮವಾರವಾಗಿದ್ದರೆ ಏನು ಮಾಡಬೇಕೆಂದು ಯಾವ ಪುಟದಲ್ಲೂ ಬರೆದಿಲ್ಲ.

ತಪ್ಪು ಪೂರ್ತಿ ತಮ್ಮದೇ ಎನ್ನಲಾರೆ. ಗಾಡಿಗೆ ಎರಡು ಬ್ಯಾಟರಿ ಯಾಕೆ ಎಂದು ಅವ್ವ ಕೇಳಿದಾಗ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಅದನ್ನು ಬಿಟ್ಟು, ಇವು ಜೋಡೆತ್ತು ಇದ್ದಂತೆ, ಎರಡೂ ಕೂಡಿ ಎಳೆದರೇ ಗಾಡಿ ಏಳುವುದು, ಒಂದು ಮುದಿಯಾಗಿ ಒಂದು ಹೋರಿಯಾದರೆ ಎರಡೂ ಕೆಡುತ್ತವೆ ಎಂದು ದೊಡ್ಡ ಪಂಡಿತನಂತೆ ವಿವರಿಸಿದೆ. ಅವ್ವ ಗಮನವಿಟ್ಟು ಕೇಳಿದಳು, ಒಳಗೆ ಹೋಗಿ ವಿಭೂತಿ ತಂದು ಎರಡರ ಹಣೆಗೂ ಹಚ್ಚಿದಳು. ನಾನು ಹಿಗ್ಗಿದೆ. ಮುಂದಿನ ಸೋಮವಾರ ಬೆಳಿಗ್ಗೆ ಚಾವಿ ಹಿಡಿದು ಹೋದರೆ ಗಾಡಿಯ ಮುಂದೆ ಚಾಪೆ ಹಾಸಿಕೊಂಡು ಕುಳಿತಿದ್ದಳು. "ಎತ್ತು ಅಂತ ನೀನ ಹೇಳೀದಿ. ಎತ್ತು ಅಂದ ಮ್ಯಾಲ ಸೋಮವಾರ ಹೂಡಬಾರದು, ಬಸವಣ್ಣನ ದಿನಾ. ಒಕ್ಕಲಿಗ್ಯಾನ ಮಗಗ ನಾ ಇದನ್ನ ಹೇಳಬೇಕೇನ?"

ಹೀಗಾಗಿ ರವಿವಾರ ರಾತ್ರಿ ಬಸಿದ ಬ್ಯಾಟರಿ ಮಂಗಳವಾರದ ತನಕ ತುಂಬುವುದಿಲ್ಲ. ಸೋಮವಾರ ರಾತ್ರಿ ಬಸವಣ್ಣಗಳು ಗಾಡಿಯಲ್ಲಿ ವಿಶ್ರಾಂತಿ ಪಡೆಯುತ್ತವೆ, ಅವ್ವ ಪಡಸಾಲೆಯಲ್ಲಿ ಕುಳಿತು ಗೋಡೆಗೆ ಆತು ಬೆಳಗಿನ ತನಕ ಕೆಮ್ಮುತ್ತಾಳೆ. ಆ ಕೆಮ್ಮು ಕೇಳುತ್ತ ಮಲಗುವುದು ಬಹಳ ಕಷ್ಟ ಮಾನ್ಯರೇ.

ಇದೇ ತಿಂಗಳ ಆರನೆಯ ತಾರೀಖು, ಅದೂ ಸೋಮವಾರವೇ, ಬೆಳಗಿನ ಜಾವ ಬಾಜೂಮನೆಯ ಕೆಂಚವ್ವನ ಮಗಳು ಮಾಲಾಗೆ ಬ್ಯಾನಿ ಎದ್ದಿತು. ಚೊಚ್ಚಲು, ಕೂಸು ಅಡ್ಡ ತಿರುಗಿದೆ ಎಂದು ಸೂಲಗಿತ್ತಿ ಕೈ ಚೆಲ್ಲಿದಳು. ನಾನು ಅವ್ವನ ಮುಖ ನೋಡುವುದರೊಳಗೆ ಅವಳೇ ಒದರಿದಳು: "ಏನ್ ನೋಡತಿ? ಹಡಿಯೂದಕ್ಕ ವಾರ ಐತೇನ? ಚಾಲೂ ಮಾಡು!" ಮಾಡಿದೆ. ಟಕ್ ಎಂದಿತು, ಮತ್ತೊಮ್ಮೆ ಟಕ್ ಎಂದಿತು, ಆಮೇಲೆ ಅದೂ ಇಲ್ಲ. ರಾತ್ರಿಯೆಲ್ಲ ಅವ್ವನನ್ನು ಬೆಚ್ಚಗಿಟ್ಟು ಎರಡೂ ಬ್ಯಾಟರಿ ಬರಿದಾಗಿದ್ದವು. ಎತ್ತು ಕಟ್ಟಿ ಜಗ್ಗಿಸೋಣವೆಂದರೆ ಆ ದಿನ ಊರಲ್ಲಿ ಯಾರೂ ಎತ್ತು ಹೂಡುವಂತಿಲ್ಲ. ಕಡೆಗೆ ಹನ್ನೆರಡು ಮಂದಿ ದಬ್ಬಿದರು, ಹದಿಮೂರನೆಯವಳಾಗಿ ಅವ್ವ ಕೆಮ್ಮುತ್ತಲೇ ಕೈ ಹಚ್ಚಿದಳು, ಊರ ಅಗಸಿಬಾಗಿಲ ಇಳಿಜಾರಿನಲ್ಲಿ ಇಂಜಿನ್ ಹತ್ತಿತು. ಸವದತ್ತಿಯ ದವಾಖಾನೆಯಲ್ಲಿ ಹೆಣ್ಣುಕೂಸು ಹುಟ್ಟಿತು, ತಾಯಿ-ಮಗಳು ಇಬ್ಬರೂ ಪಾರಾದರು. ಇನ್ನರ್ಧ ತಾಸು ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಅವ್ವ ಅಂದೇ ಗಾಡಿಯಿಂದ ತನ್ನ ಕೌದಿ ಸುತ್ತಿಕೊಂಡು ಇಳಿದಳು. "ನನ್ನ ಬೆಚ್ಚಗ ಇಡಾಕ ಹೋಗಿ ಎರಡು ಜೀವಾ ಹೋಗತಿದ್ದುವು. ನನಗ ಬ್ಯಾಡ ನಿನ್ನ ಹೀಟರು." ಆಮೇಲೆ ಅವಳ ಪಾಲಿಗೆ ಎಲ್ಲ ರಾತ್ರಿಗಳೂ ಸೋಮವಾರವಾದವು. ನನಗೆ ಸಿಟ್ಟು ಬಂತು, ಅಳುವೂ ಬಂತು.

ಮೊನ್ನೆ ಶನಿವಾರ ಸವದತ್ತಿಯ ಮೆಕ್ಯಾನಿಕ್ ಜಟ್ಟೆಪ್ಪ, ತಮ್ಮ ಪುಸ್ತಕವನ್ನು ಸ್ಪಾನರ್ ಒರೆಸಲು ಬಳಸುತ್ತಲೇ, ತಾವು ಬರೆಯದಿದ್ದ ಉಪಾಯ ಹೇಳಿದ. ಹೀಟರಿಗೆಂದೇ ಬೇರೆ ಒಂದು ಜೋಡಿ ದೊಡ್ಡ ಬ್ಯಾಟರಿ ಕೂಡಿಸಿದ. ಅವು ಎರಡು ರಾತ್ರಿ ತಾಳುತ್ತವೆ, ಪೂರ್ತಿ ಬಸಿದರೂ ಇಂಜಿನ್ನಿನ ಜೋಡಿಯನ್ನು ಮುಟ್ಟುವುದಿಲ್ಲ. ಯಾವ ಹೊತ್ತಿನಲ್ಲಿ ಯಾರಿಗೆ ಬ್ಯಾನಿ ಬಂದರೂ ಗಾಡಿ ಏಳುತ್ತದೆ. ಇದನ್ನು ಅವ್ವನ ಎದುರಿಗೇ ಮೂರು ಸಲ ಮಾಡಿ ತೋರಿಸಿದ ಮೇಲೆ ಅವಳು ಕೌದಿಯೊಂದಿಗೆ ಗಾಡಿಗೆ ಮರಳಿದಳು, ಎರಡು ರಾತ್ರಿ ಸುಖವಾಗಿ ಮಲಗಿದಳು. ಇಂದು ಬೆಳಿಗ್ಗೆ ಮತ್ತೆ ವಿಭೂತಿ ತಂದಿದ್ದಾಳೆ. "ಹೊಸಾವಾದರೇನ, ಜೋಡಿ ಜೋಡಿನ. ಇವತ್ತ ರಾತ್ರಿ ಇವಕ್ಕೂ ಬಿಡುವು, ಹೀಟರ ಹಚ್ಚಬ್ಯಾಡ."

ಆದ್ದರಿಂದ ತಮ್ಮಲ್ಲಿ ವಿನಂತಿ. ಮುಂದಿನ ಮುದ್ರಣದಲ್ಲಿ ಸೋಮವಾರಕ್ಕೆ ಒಂದು ಪುಟ ಸೇರಿಸಬೇಕು. ಅದು ಆಗದಿದ್ದರೆ ಬಸವಣ್ಣನೊಂದಿಗೆ ನೇರವಾಗಿ ಪತ್ರವ್ಯವಹಾರ ಮಾಡಿ ಹೀಟರಿಗೆ ಮಾತ್ರ ವಿನಾಯಿತಿ ಪಡೆಯಬೇಕು. ಅದೂ ಆಗದಿದ್ದರೆ ತಾವೇ ಖುದ್ದಾಗಿ ಚಚಡಿಗೆ ಬಂದು, ರವಿವಾರದಿಂದ ಮಂಗಳವಾರದ ತನಕ ನಮ್ಮಲ್ಲಿ ರೊಟ್ಟಿ ಉಂಡು, ನಮ್ಮವ್ವನಿಗೆ ಹತ್ತೊಂಬತ್ತನೆಯ ಪುಟವನ್ನು ಓದಿ ಹೇಳಬೇಕು. ಬರುವಾಗ ತಮ್ಮ ತಾಯಿಯವರನ್ನೂ ಕರೆತನ್ನಿ. ತಾವು ಹೇಳಿದ್ದನ್ನು ಅವರು ಕೇಳುತ್ತಾರೆಯೇ ಎಂದು ನೋಡುವ ಆಸೆ ನನಗಿದೆ.

ತಮ್ಮ ವಿಶ್ವಾಸಿ, ಸೋಮವಾರಗಳಂದು ನಿರುಪಾಯನಾದ
ಬಾಳೇಶ

ತಾ.ಕ.: ಮಂಗಳವಾರ ಬೆಳಿಗ್ಗೆ. ತಾವು ಬರುವ ಅಗತ್ಯ ಇನ್ನಿಲ್ಲ, ದಯಮಾಡಿ ತೊಂದರೆ ತೆಗೆದುಕೊಳ್ಳಬೇಡಿ. ನಿನ್ನೆ ಸಂಜೆ ಅವ್ವನ ಕೆಮ್ಮು ಶುರುವಾದಾಗ ನನಗೆ ತಡೆಯದೆ, ಇವು ಎತ್ತಲ್ಲ, ಕೋಣ; ಕೋಣಕ್ಕೆ ಸೋಮವಾರವಿಲ್ಲ ಎಂದು ಹಸಿ ಸುಳ್ಳು ಹೇಳಿದೆ. ಯಮನ ವಾಹನ ತಂದು ಹೆತ್ತವ್ವನ ತಲೆದಿಂಬಿಗೆ ಕಟ್ಟಿದೆಯಾ ಎಂದು ಬೈಯುತ್ತಾಳೆಂದು ತಲೆ ತಗ್ಗಿಸಿ ನಿಂತೆ. ಅವಳು ಕೌದಿ ಹೆಗಲಿಗೆ ಹಾಕಿಕೊಂಡು ಗಾಡಿ ಹತ್ತಿ, "ಹಚ್ಚು ಹೀಟರ. ಆ ಯಮನ ಕೋಣ ಇಲ್ಲೇ ನನ್ನ ಕೆಲಸಕ್ಕ ಹತ್ಯಾವು ಅಂದ್ರ, ಅವಾ ನಡಕೋತ ಬರಬೇಕಾಕೈತಿ. ಬರಲಿ ನಿಧಾನಕ್ಕ" ಎಂದು ಮಗ್ಗುಲಿಗೆ ಹೊರಳಿ ಮಲಗಿದಳು.