ಆಸೆಯ ರೂಪದಲ್ಲಿ ಒಬ್ಬ ಗಂಡ

ಹೆಂಡತಿ ನೆರೆಹೊರೆಯವರ ಮುಂದೆ ದೂರಿದರೆ ತಡೆದುಕೊಳ್ಳಬಹುದು, ತವರಿನವರ ಮುಂದೆ ದೂರಿದರೂ ಹಲ್ಲುಕಚ್ಚಿಕೊಂಡು ಇರಬಹುದು. ಆದರೆ ತುಂಬಿದ ತರಗತಿಯಲ್ಲಿ, ಅದೂ ಸ್ಪ್ಯಾನಿಷ್ ಭಾಷೆಯಲ್ಲಿ, ಅದೂ ಒಂದೇ ಒಂದು ವ್ಯಾಕರಣದೋಷವಿಲ್ಲದೆ ದೂರಿದರೆ ಗಂಡನಾದವನು ಎಲ್ಲಿಗೆ ಹೋಗಿ ಮುಖ ಮುಚ್ಚಿಕೊಳ್ಳಬೇಕು? ಖಂಡಿತಪ್ಪನವರ ಸಂಕಟ ಇದು.

ಖಂಡಿತಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಅವರು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರು. ತಕ್ಕಡಿ ಸರಿಯಿದ್ದರೆ ಮುದ್ರೆ, ಇಲ್ಲದಿದ್ದರೆ ದಂಡ. ನಡುವೆ ಏನೂ ಇಲ್ಲ. ಯಾರು ಏನು ಕೇಳಿದರೂ ಪ್ರಶ್ನೆ ಮುಗಿಯುವ ಮೊದಲೇ ‘ಖಂಡಿತ’ ಎಂದುಬಿಡುತ್ತಿದ್ದುದರಿಂದ ಕಚೇರಿಯವರು ದಯಪಾಲಿಸಿದ ಬಿರುದು ಅದು. ಅವರ ಧರ್ಮಪತ್ನಿ ರೈಲು ನಿಲ್ದಾಣದ ವಿಚಾರಣೆ ಕಿಟಕಿಯ ಹಿಂದೆ ಕೂರುವವರು. ‘ಬರಬಹುದು’, ‘ಹೊರಡಬಹುದು’, ‘ನೋಡೋಣ’ ಎಂಬ ಮೂರು ಮಾತಿನಲ್ಲೇ ಅವರ ಉದ್ಯೋಗ ನಡೆದುಬಂದಿತ್ತು. (ಇಂಥ ಇಬ್ಬರನ್ನು ಗಂಟುಹಾಕಿದ ಪುಣ್ಯಾತ್ಮ ಈಗ ಎಲ್ಲಿದ್ದಾನೋ!)

ಮಗಳು ಮೆಚ್ಚಿದ ಹುಡುಗನ ಮನೆಯವರಿಗೆ ಸ್ಪ್ಯಾನಿಷ್ ಬಿಟ್ಟರೆ ಬೇರೆ ಭಾಷೆ ಬಾರದು. ಹಾಗಾಗಿ ಗಂಡ ಹೆಂಡತಿ ಇಬ್ಬರೂ ಸಂಜೆ ತರಗತಿಗೆ ಸೇರಿದ್ದರು. “ಪರೀಕ್ಷೆಯಲ್ಲಿ ಯಾರಿಗೆ ಹೆಚ್ಚು ಅಂಕ ಬರುತ್ತೋ ಅವರೇ ಮದುವೆಯಲ್ಲಿ ಬೀಗರಿಗೆ ಸ್ವಾಗತ ಹೇಳೋದು. ಇನ್ನೊಬ್ಬರು ಪಕ್ಕದಲ್ಲಿ ನಗ್ತಾ ನಿಂತ್ಕೊಳ್ಳೋದು” ಎಂದು ಮಗಳು ತೀರ್ಪು ಕೊಟ್ಟಿದ್ದಳು. ಇದ್ದೊಬ್ಬ ಮಗಳು. ಆ ನಾಲ್ಕು ಮಾತು ತಮ್ಮ ಬಾಯಿಂದಲೇ ಬರಬೇಕೆಂದು ಖಂಡಿತಪ್ಪನವರಿಗೆ ಇನ್ನಿಲ್ಲದ ಹಂಬಲ.

ಟೀಚರಮ್ಮ ಕ್ರಿಯಾಪದದ ಎರಡು ರೂಪಗಳನ್ನು ಹೊರತೆಗೆಯುವವರೆಗೂ ಎಲ್ಲ ಸುಸೂತ್ರವಾಗಿಯೇ ಇತ್ತು. “ಇರೋದನ್ನ ಇದ್ದ ಹಾಗೆ ಹೇಳೋದಕ್ಕೆ ಒಂದು ರೂಪ, ಅದು ನಿಶ್ಚಯದ್ದು. ಆಸೆ, ಅನುಮಾನ, ಆತಂಕ ಹೇಳೋದಕ್ಕೆ ಇನ್ನೊಂದು. ಎಲ್ಲಿ, ಎರಡೂ ರೂಪದಲ್ಲಿ ನಿಮ್ಮ ಪಕ್ಕದವರ ಬಗ್ಗೆ ಹೇಳಿ ನೋಡೋಣ.”

ಖಂಡಿತಪ್ಪನವರು ಎದ್ದು, “ನನ್ನ ಹೆಂಡತಿ ಐದು ಗಂಟೆಗೆ ಬರುತ್ತಾಳೆ. ನನ್ನ ಹೆಂಡತಿ ಚೆನ್ನಾಗಿ ಹಾಡುತ್ತಾಳೆ” ಎಂದು ನಿಶ್ಚಯದ ಮೇಲೆ ನಿಶ್ಚಯ ಹೇರಿದರು. ಇನ್ನೊಂದು ರೂಪ ಎಲ್ಲಿ ಎಂದರೆ, “ನನಗೆ ಅನುಮಾನಗಳೇ ಇಲ್ಲ ಮೇಡಂ” ಎಂದು ಕೂತರು.

ಹೆಂಡತಿ ಎದ್ದರು. “ನನ್ನ ಗಂಡ ಅಡುಗೆಮನೆಯ ನಲ್ಲಿ ರಿಪೇರಿ ಮಾಡಲಿ. ನನ್ನ ಮಾತು ಮುಗಿಯುವವರೆಗೂ ಕೇಳಲಿ. ಹೊದಿಕೆಗಳು ಎಲ್ಲಿವೆ ಎಂದು ಅವರಿಗೆ ಗೊತ್ತಿರುವುದು ಅನುಮಾನ.” ತರಗತಿ ಬಿದ್ದುಬಿದ್ದು ನಕ್ಕಿತು. ಒಂದು ತಪ್ಪೂ ಇಲ್ಲ ಎಂದು ಟೀಚರಮ್ಮ ಚಪ್ಪಾಳೆ ತಟ್ಟಿದರು.

ದಾರಿಯುದ್ದಕ್ಕೂ ಕದನ.

“ನನ್ನ ಮಾನ ಹರಾಜಿಗೆ ಹಾಕಿದ್ಯಲ್ಲೇ!”

“ವ್ಯಾಕರಣ ಹೇಳಿದೆ ಕಣ್ರೀ. ಮಾನದ ಸುದ್ದಿಗೆ ಹೋಗಲಿಲ್ಲ.”

“ನಲ್ಲಿ ಮಾಡ್ತೀನಿ ಅಂದಿದ್ನಲ್ಲ!”

“ಅಂದಿದ್ರಿ, ಮಗಳು ಏಳನೇ ಕ್ಲಾಸಲ್ಲಿದ್ದಾಗ. ಈಗ ಅವಳಿಗೆ ಮದು—”

“ಖಂಡಿತ ಮಾಡ್ತೀನಿ!”

“ನೋಡಿ! ಒಂದು ಮಾತು ಮುಗಿಸೋಕೆ ಬಿಟ್ರಾ?”

ಅಲ್ಲೇ, ಬೀದಿದೀಪದ ಕೆಳಗೆ, ಖಂಡಿತಪ್ಪನವರು ಮನಸ್ಸಿನಲ್ಲೇ ಭೀಷಣ ಪ್ರತಿಜ್ಞೆ ಕೈಗೊಂಡರು. ಪರೀಕ್ಷೆ ಬರುವುದರೊಳಗೆ ತಮ್ಮನ್ನು ಆಸೆಯ ರೂಪದಿಂದ ಬುಡಸಮೇತ ಕಿತ್ತು ನಿಶ್ಚಯದ ರೂಪದಲ್ಲಿ ಪ್ರತಿಷ್ಠಾಪಿಸಿಕೊಳ್ಳುವುದು! ಆಸೆಪಡಲು ಇವಳಿಗೆ ಏನೂ ಉಳಿಯದಿದ್ದರೆ ಅಂಕ ಎಲ್ಲಿಂದ ಬರುತ್ತದೆ? (ಸೇಡಿಗೆ ಸೇಡು, ಸೇವೆಗೆ ಸೇವೆ.)

ಮೊದಲು ನಲ್ಲಿ. ಮೇಲಿನ ಟ್ಯಾಂಕಿನ ನೀರು ನಿಲ್ಲಿಸದೆಯೇ ಬಿಚ್ಚಿದ್ದರಿಂದ ಕಾರಂಜಿ ಚಾವಣಿ ಮುಟ್ಟಿತು. ಮಾರನೆಯ ದಿನ ವಾಷರು ಕೈಜಾರಿ ಮೋರಿ ಸೇರಿತು. ಬಿಟ್ಟೇನೆಂದರೂ ಬಿಡದ ಛಲ. ಕೊನೆಗೂ ನಲ್ಲಿ ಬಾಯಿ ಮುಚ್ಚಿತು. ಸ್ವಂತ ಬಾಯಿ ಮುಚ್ಚುವುದು ಅದಕ್ಕಿಂತ ಕಷ್ಟವಾಯಿತು. ಹೆಂಡತಿ ಮಾತು ತೆಗೆದೊಡನೆ ಕರವಸ್ತ್ರ ಕಚ್ಚಿ ಕೂರುತ್ತಿದ್ದರು. ಹಾಗೆ ಕೂತಾಗ ಒಂದು ವಿಚಿತ್ರ ತಿಳಿಯಿತು: ಇವಳ ಮಾತಿಗೆ ಕೊನೆಯೂ ಇದೆ, ಅಸಲು ವಿಷಯ ಇರುವುದೇ ಅಲ್ಲಿ. ಪರದೆ ಬಟ್ಟೆಯಿಂದ ಶುರುವಾದ ಒಂದು ಮಾತು, ಮಗಳು ಹೋದ ಮೇಲೆ ಆ ಕೋಣೆಗೆ ಕಾಲಿಡಲು ಭಯವಾಗುತ್ತದೆ ಎಂಬಲ್ಲಿ ಮುಗಿಯಿತು. ಅಂದು ಕರವಸ್ತ್ರ ಕಣ್ಣಿನ ಕೆಲಸಕ್ಕೂ ಬಂತು.

ಹೊದಿಕೆಗಳು ಕಪಾಟಿನ ಮೇಲಿನ ಅರೆಯಲ್ಲಿವೆ ಎಂಬ ಐತಿಹಾಸಿಕ ಸಂಶೋಧನೆಯೂ ಆ ವಾರವೇ ನಡೆಯಿತು. ಹೆಂಡತಿ ಅವರ ಹಣೆ ಮುಟ್ಟಿ ನೋಡಿದರು. “ಹುಷಾರಾಗಿದ್ದೀರಿ ತಾನೇ?”

ಪರೀಕ್ಷೆಯ ದಿನ ಬಂತು. ಎಲ್ಲರೂ ಒಬ್ಬೊಬ್ಬರಾಗಿ ಎದ್ದು ಮಾತಾಡಬೇಕು. “ನಿಮ್ಮವರ ಬಗ್ಗೆ ಆಸೆಯ ರೂಪದಲ್ಲಿ ಹೇಳಿ” ಎಂದು ಟೀಚರಮ್ಮ ಹೆಂಡತಿಯನ್ನು ಕೇಳಿದರು. ಆಕೆ ಬೆರಳು ಮಡಿಚಿ ಲೆಕ್ಕ ಹಾಕಿದರು. ಕೊನೆಗೆ, “ನನ್ನ ಗಂಡ ನಲ್ಲಿ ರಿಪೇರಿ ಮಾಡುತ್ತಾರೆ. ನನ್ನ ಮಾತು ಪೂರ್ತಿ ಕೇಳುತ್ತಾರೆ. ಹೊದಿಕೆ ಎಲ್ಲಿದೆ ಎಂದು ಬಲ್ಲರು” ಎಂದರು. ಮುಖದಲ್ಲಿ ಹೆಮ್ಮೆಯೋ ಹೆಮ್ಮೆ.

“ಇವೆಲ್ಲ ನಿಶ್ಚಯ ಆಯ್ತಲ್ಲಮ್ಮ. ಆಸೆ?”

“ಆಸೆಪಡೋಕೆ ಏನೂ ಉಳಿದಿಲ್ಲ ಮೇಡಂ!”

ಟೀಚರಮ್ಮ ಸೊನ್ನೆ ಹಾಕಲು ಪೆನ್ನು ಎತ್ತಿದರು. ಸ್ವಾಗತ ಭಾಷಣ ಖಂಡಿತಪ್ಪನವರ ನಾಲಗೆಯ ತುದಿಗೆ ಬಂದು ಕೂತಿತ್ತು. ಅಷ್ಟರಲ್ಲಿ ಹಿಂದಿನ ಬೆಂಚಿನಿಂದ ಬ್ಯಾಂಕಿನಲ್ಲಿ ಕೆಲಸ ಮಾಡುವ ಸಹಪಾಠಿಯೊಬ್ಬಳು ಎದ್ದು, “ನಿಮ್ಮ ಗಂಡ ನಮ್ಮ ಮನೆಯ ನಲ್ಲಿಯನ್ನೂ ರಿಪೇರಿ ಮಾಡಲಿ!” ಎಂದು ಸ್ಪ್ಯಾನಿಷಿನಲ್ಲಿ ಕೂಗಿದಳು. ವರ್ಷವಿಡೀ ತಪ್ಪು ಮಾಡಿದವಳ ಬಾಯಲ್ಲಿ ಅಪ್ಪಟ ರೂಪ! ಅವಳ ಪಕ್ಕದಲ್ಲಿದ್ದ, ಬೇಕರಿ ನಡೆಸುವಾಕೆ ಬಿಟ್ಟಾಳೆಯೇ? “ನಮ್ಮ ಯಜಮಾನರಿಗೂ ಮಾತು ಕೇಳುವುದನ್ನು ಕಲಿಸಲಿ!” ಟೀಚರಮ್ಮ ಪೆನ್ನು ಕೆಳಗಿಟ್ಟರು. “ನಮ್ಮ ಬಚ್ಚಲಿನ ನಲ್ಲಿ ಸೋರದಿರಲಿ...” ಎಂದು ಅವರೂ ನಿಟ್ಟುಸಿರಿಟ್ಟರು.

ಹೆಂಡತಿಯ ಮುಖ ಅರಳಿತು. “ನನ್ನ ಗಂಡ ಇವರೆಲ್ಲರ ಮನೆಗೂ ಹೋಗಲಿ! ಬೇಗ ಹೋಗಲಿ! ಬೀಗರ ಮನೆಯಲ್ಲೂ ಏನಾದರೂ ಕೆಟ್ಟಿರಲಿ!”

“ಪೂರ್ತಿ ಅಂಕ!” ಎಂದರು ಟೀಚರಮ್ಮ. ಸ್ವಾಗತ ಭಾಷಣ ಹೆಂಡತಿಯ ಕಡೆಗೆ ಹೊರಟುಹೋಯಿತು.

“ಈಗ ನೀವು” ಎಂದು ಅವರು ಖಂಡಿತಪ್ಪನವರತ್ತ ತಿರುಗಿದರು. ಸುತ್ತಲೂ ಹೆಂಗಸರು ಮನೆ ವಿಳಾಸ ಹೇಳಲು ಸಾಲುಗಟ್ಟಿದ್ದರು. ಖಂಡಿತಪ್ಪನವರು ತಡಬಡಾಯಿಸಿ ಎದ್ದರು. ಜನ್ಮದಲ್ಲಿ ಒಮ್ಮೆಯೂ ಬಾರದಿದ್ದ ರೂಪ ಒಡೆದ ಕೊಳಾಯಿಯಂತೆ ಚಿಮ್ಮಿತು: “ಎಲ್ಲ ನಲ್ಲಿಗಳೂ ತಾವಾಗಿಯೇ ಸೋರುವುದು ನಿಲ್ಲಿಸಲಿ! ಊರಿನ ಪ್ಲಂಬರುಗಳೆಲ್ಲ ನೂರು ವರ್ಷ ಬಾಳಲಿ! ಈ ಭಾನುವಾರ ನನ್ನನ್ನು ಯಾರೂ ಕರೆಯದಿರಲಿ!”

“ಭೇಷ್! ಒಂದೇ ಒಂದು ತಪ್ಪಿಲ್ಲ, ತಡಬಡಾಯಿಸಿದ್ದಕ್ಕೆ ಒಂದಂಕ ಕಡಿಮೆ ಅಷ್ಟೆ” ಎಂದರು ಟೀಚರಮ್ಮ. “ಆದ್ರೆ ಸರ್, ಈ ರೂಪದ ಗುಣವೇ ಅಷ್ಟು. ಆಸೆ ಅಂತ ಹೇಳುತ್ತೆ, ಆಗುತ್ತೆ ಅಂತ ಎಲ್ಲೂ ಹೇಳಲ್ಲ. ಭಾನುವಾರ ಒಂಬತ್ತಕ್ಕೆ ಬಂದ್ಬಿಡಿ. ಸ್ಪ್ಯಾನರ್ ನೀವೇ ತನ್ನಿ, ನಮ್ಮಲ್ಲಿಲ್ಲ.”