ದರ್ಜಿಯ ಪ್ರಕಾರ

ಅಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಒಂದು ಬಕೆಟ್ ಸೋಪಿನ ನೀರು. ಬೆಳಿಗ್ಗೆ ಚರ್ಚಿನ ಮೆಟ್ಟಿಲು ತೊಳೆದವರು ಒರೆಸದೆ ಹೋಗಿದ್ದರು. ಮೇಷ್ಟ್ರು ಕಾಲಿಟ್ಟರು, ತೂರಾಡಿದರು, ಧೊಪ್ಪನೆ ಕೂತರು. ಪ್ಯಾಂಟು ಪರ್ರ್ ಎಂದಿತು.

ಪಾಪ, ಅವರ ಗಮನವೆಲ್ಲ ಸಂಜೆಯ ಭಾಷಣದ ಮೇಲಿತ್ತು. ಬೈಬಲಿನ ಸುವಾರ್ತೆಗಳನ್ನು ಬರೆದವರು ಯಾರು, ನಂಬುವುದು ಹೇಗೆ ಎಂಬ ವಿಷಯ. ಮೊದಲನೆಯ ಸುವಾರ್ತೆಗೆ ‘ಮತ್ತಾಯನ ಪ್ರಕಾರ’ ಅಂತ ತಲೆಬರಹ ಇದೆಯೇ ಹೊರತು ಒಳಗೆ ಮತ್ತಾಯನ ಸಹಿ ಎಲ್ಲಿದೆ? ಯಾರು ಯಾರಿಂದ ಕೇಳಿದರು, ಕಣ್ಣಾರೆ ಕಂಡವರು ಯಾರು ಅಂತ ಹುಡುಕಬೇಕು. ಚರ್ಚಿನಲ್ಲಿ ಭಾನುವಾರ ಮಕ್ಕಳಿಗೆ ಪಾಠ ಹೇಳಿಯೇ ತಲೆ ನರೆತಿದ್ದ ಮೇಷ್ಟ್ರಿಗೆ ದೊಡ್ಡವರ ಮುಂದೆ ಇದೇ ಮೊದಲ ಅವಕಾಶ.

ಮಧ್ಯಾಹ್ನ ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. “ಏನ್ರೀ, ಬೆಳಬೆಳಿಗ್ಗೆನೇ ಕುಡಿದು ತೂರಾಡಿದ್ರಂತೆ?”

ಬೆನ್ನಿಗೇ ಪಾದ್ರಿಗಳ ಫೋನ್ ಬಂತು.

“ಕುಡಿದವರನ್ನ ವೇದಿಕೆ ಹತ್ತಿಸೋಕಾಗಲ್ಲ ಮೇಷ್ಟ್ರೇ. ಮೂರು ಜನ ಹೇಳ್ತಿದ್ದಾರೆ.”

“ಮೂವರನ್ನೂ ಕರೆಸಿ ಫಾದರ್. ಸುವಾರ್ತೆ ಪರೀಕ್ಷಿಸೋ ಹಾಗೇ ಪರೀಕ್ಷಿಸ್ತೀನಿ!”

ಸ್ವಲ್ಪ ಹೊತ್ತಿಗೆ ಪಾದ್ರಿಗಳ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೊದಲು ಬೇಕರಿಯಾಕೆ ಮುಂದೆ ಬಂದಳು. “ಕುಡಿದು ತೂರಾಡಿ ಎಡಕ್ಕೆ ಬಿದ್ರು.”

ಸೈಕಲ್ ರಿಪೇರಿಯವನು, “ಕುಡಿದು ತೂರಾಡಿ ಬಲಕ್ಕೆ ಬಿದ್ರು” ಅಂದ.

“ಕೇಳಿದ್ರಾ ಫಾದರ್? ‘ಕುಡಿದು ತೂರಾಡಿ’, ಇಬ್ಬರದೂ ಅದೇ ಮಾತು! ಎಲ್ಲಿಂದಲೋ ಕಾಪಿ ಹೊಡೆದಿದ್ದಾರೆ. ನಿಜ ಹೇಳಮ್ಮ, ನೀನು ಕಂಡಿದ್ದೀಯಾ?”

“ಅಯ್ಯೋ ಇಲ್ಲಪ್ಪ, ದರ್ಜಿ ಹೇಳಿದ್ದು.”

“ನನಗೂ ದರ್ಜಿನೇ” ಎಂದು ಸೈಕಲ್‌ನವನು ತಲೆ ಕೆರೆದುಕೊಂಡ.

ಮೇಷ್ಟ್ರು ಮೇಜು ಗುದ್ದಿದರು. “ಮೂವರಲ್ಲ ಫಾದರ್, ಒಬ್ಬನೇ! ಎಲ್ಲ ದರ್ಜಿಯ ಪ್ರಕಾರ!”

ಪಾದ್ರಿಗಳು ಭೇಷ್ ಎಂದು ತಲೆದೂಗಿದರು. ಮೇಷ್ಟ್ರು ಉಬ್ಬಿಹೋದರು. ಮೂರನೆಯವನಾಗಿ ಮೂಲೆಯಲ್ಲಿ ನಿಂತಿದ್ದ ದರ್ಜಿಯ ಕಡೆ ತಿರುಗಿ, “ನೀನಾದ್ರೂ ಕಂಡ್ಯಾ?” ಅಂದರು.

“ಇಲ್ಲ.”

“ಮತ್ತೆ ನಿನಗೆ ಹೇಳಿದ ಆ ಮಹಾನುಭಾವ ಯಾರಯ್ಯಾ?”

“ನೀವೇ! ಪ್ಯಾಂಟ್ ಹೊಲಿಸೋಕೆ ಬಂದಾಗ ‘ಕುಡಿದು ತೂರಾಡಿಬಿಟ್ಟೆ’ ಅಂದ್ರಲ್ಲ.”

“‘ಕುಡಿದ ಥರ’ ಅಂದೆ ಕಣೋ! ಥರ! ಥರ!”

“ಹೊಲಿಗೆ ಮಿಷನ್ ಓಡ್ತಿತ್ತು ಮೇಷ್ಟ್ರೇ. ‘ಥರ’ ಕೇಳಿಸಲಿಲ್ಲ.”

ಪಾದ್ರಿಗಳು ನಿಟ್ಟುಸಿರು ಬಿಟ್ಟರು. “ಬಿದ್ದವರೇ ಬಾಯಾರೆ ಹೇಳಿದ್ದು. ಇದಕ್ಕಿಂತ ನಂಬಿಕಸ್ಥ ಮೂಲ ಎಲ್ಲಿ ಸಿಗುತ್ತೆ, ನೀವೇ ಹೇಳಿ?”

ಸಂಜೆ ಭಾಷಣವನ್ನು ಪಾದ್ರಿಗಳೇ ಮಾಡಿದರು. ಮೇಷ್ಟ್ರು ಬಿದ್ದ ಕತೆಯನ್ನೇ ಉದಾಹರಣೆಯಾಗಿ ಕೊಟ್ಟರು, ಜನ ಹೊಟ್ಟೆ ಹಿಡಿದುಕೊಂಡು ನಕ್ಕು ಚಪ್ಪಾಳೆ ತಟ್ಟಿದರು. ಮೇಷ್ಟ್ರು ತೇಪೆ ಹಾಕಿದ ಪ್ಯಾಂಟಿನಲ್ಲಿ ಹಿಂದಿನ ಬೆಂಚಿನ ಮೇಲೆ ಮಕ್ಕಳ ನಡುವೆ ಕೂತಿದ್ದರು.